ಡಂಪ್‌ಸ್ಟರ್: ಒಡೆಯನ ಕೈತಪ್ಪಿದ ಹೆಸರು

ವ್ಯಾಪಾರದ ನಿಮಿತ್ತ ಅಮೆರಿಕಕ್ಕೆ ಹೋಗಿಬಂದವರು ಅಲ್ಲಿನ ಹೋಟೆಲುಗಳ ಮತ್ತು ಅಂಗಡಿ ಸಾಲುಗಳ ಹಿಂಬದಿಯಲ್ಲಿ ಉಕ್ಕಿನ ದೊಡ್ಡ ದೊಡ್ಡ ಕಸದ ತೊಟ್ಟಿಗಳನ್ನು ಕಂಡಿರುತ್ತಾರೆ. ಗೊತ್ತಾದ ದಿನ ಲಾರಿಯೊಂದು ಬಂದು, ಯಾರೂ ಕೈ ಹಚ್ಚದಂತೆ, ತನ್ನ ಉಕ್ಕಿನ ತೋಳುಗಳಿಂದಲೇ ತೊಟ್ಟಿಯನ್ನು ಎತ್ತಿ ಕಸವನ್ನು ಸುರಿದುಕೊಂಡು ಹೋಗುತ್ತದೆ. ಈ ತೊಟ್ಟಿಗೆ ಅಲ್ಲಿ ‘ಡಂಪ್‌ಸ್ಟರ್’ ಎಂದು ಹೆಸರು. ‘ಡಂಪ್’ ಎಂದರೆ ಸುರಿಯುವುದು; ಆ ಕ್ರಿಯಾಪದದಿಂದಲೇ ಈ ಹೆಸರು ತಾನಾಗಿ ಬಂದಿರಬೇಕೆಂದು ಹೆಚ್ಚಿನವರು ಭಾವಿಸುತ್ತಾರೆ. ಅದು ಅರ್ಧ ಮಾತ್ರ ನಿಜ. ಉಳಿದರ್ಧ ಒಂದು ಮನೆತನದ ಹೆಸರು. ಈ ಪದವು ಒಂದು ಕಾಲಕ್ಕೆ ಒಂದೇ ಒಂದು ಸಂಸ್ಥೆಯ ಸ್ವತ್ತಾಗಿತ್ತು. ಈಗ ಯಾರ ಸ್ವತ್ತೂ ಅಲ್ಲ. ಹೆಸರು ಹೀಗೆ ಒಡೆಯನ ಕೈತಪ್ಪಿದ ಬಗೆಯು, ಸ್ವಂತ ಹೆಸರಿನಲ್ಲಿ ಸರಕು ತಯಾರಿಸಿ ಮಾರುವ ಪ್ರತಿಯೊಬ್ಬ ಸಣ್ಣ ಉದ್ಯಮಿಯೂ ಅರಿತಿರಬೇಕಾದ ವಿಷಯವಾಗಿದೆ.

ಲಾರಿ ನಿಂತಷ್ಟು ಹೊತ್ತೂ ನಷ್ಟ

ಅಮೆರಿಕದ ಟೆನೆಸ್ಸೀ ರಾಜ್ಯದ ನಾಕ್ಸ್‌ವಿಲ್ ನಗರದಲ್ಲಿ ಜಾರ್ಜ್ ಡೆಂಪ್‌ಸ್ಟರ್ (1887–1964) ಎಂಬ ಕಂಟ್ರಾಕ್ಟರರಿದ್ದರು. ಯೌವನದಲ್ಲಿ ಪನಾಮಾ ಕಾಲುವೆಯ ನಿರ್ಮಾಣ ಕಾರ್ಯದಲ್ಲಿ ದುಡಿದು, ಯಂತ್ರಗಳ ಒಳಗುಟ್ಟನ್ನು ಅಲ್ಲಿಯೇ ಕಲಿತವರು. ಊರಿಗೆ ಮರಳಿ ಸಹೋದರರೊಡನೆ ಸೇರಿ ನಿರ್ಮಾಣ ಸಂಸ್ಥೆಯೊಂದನ್ನು ಕಟ್ಟಿದರು. ಮುಂದೆ ಹಲವು ಅವಧಿಗಳಿಗೆ ನಾಕ್ಸ್‌ವಿಲ್‌ನ ನಗರ ವ್ಯವಸ್ಥಾಪಕರಾಗಿಯೂ 1950ರ ದಶಕದಲ್ಲಿ ಅದರ ಮೇಯರ್ ಆಗಿಯೂ ಕೆಲಸ ಮಾಡಿದರು. ಹೀಗೆ ಗುತ್ತಿಗೆದಾರನ ಕಷ್ಟ, ನಗರಾಡಳಿತದ ಕಷ್ಟ ಎರಡನ್ನೂ ಬಲ್ಲವರಾಗಿದ್ದರು.

ಅವರ ಕಣ್ಣಿಗೆ ಬಿದ್ದ ಸಂಗತಿ ಬಹು ಸರಳವಾದುದು. ಮಣ್ಣು, ಕಲ್ಲು, ಕಸ ಏನನ್ನೇ ಸಾಗಿಸುವುದಿದ್ದರೂ ಲಾರಿಯು ತುಂಬಿಸಿಕೊಳ್ಳುವುದಕ್ಕೆಂದೇ ಗಂಟೆಗಟ್ಟಲೆ ಒಂದೇ ಕಡೆ ನಿಲ್ಲಬೇಕಾಗಿತ್ತು. ಉದಾಹರಣೆಗೆ ಒಂದು ಲೆಕ್ಕವನ್ನು ಹಾಕಿ ನೋಡಬಹುದು. ಕೈಯಿಂದ ತುಂಬಿಸಲು ಒಂದೂವರೆ ಗಂಟೆ, ಹೋಗಿ ಸುರಿದು ಬರಲು ಅರ್ಧ ಗಂಟೆ ಹಿಡಿಯುವುದಾದರೆ, ಎಂಟು ಗಂಟೆಗಳ ಪಾಳಿಯಲ್ಲಿ ಲಾರಿಯು ನಾಲ್ಕು ಸಲ ಓಡಾಡೀತು. ತುಂಬಿಸುವ ಪೆಟ್ಟಿಗೆಯನ್ನು ಲಾರಿಯಿಂದ ಬೇರ್ಪಡಿಸಿ, ಅದು ನೆಲದ ಮೇಲೆ ತನ್ನ ಪಾಡಿಗೆ ತುಂಬುತ್ತಿರುವಂತೆ ಬಿಟ್ಟು, ತುಂಬಿದ ಮೇಲೆ ಹತ್ತು ನಿಮಿಷಗಳಲ್ಲಿ ಎತ್ತಿಕೊಂಡು ಹೋಗುವಂತಾದರೆ? ಪ್ರತಿ ಓಡಾಟಕ್ಕೆ ನಲವತ್ತು ನಿಮಿಷ. ಪಾಳಿಗೆ ಹನ್ನೆರಡು ಓಡಾಟ. ಒಂದು ಲಾರಿ, ಒಬ್ಬ ಚಾಲಕ, ಮೂರು ಲಾರಿಗಳ ಕೆಲಸ. ತೊಟ್ಟಿಗೆ ಎಂಜಿನ್ ಇಲ್ಲ, ಚಾಲಕನಿಲ್ಲ, ಇಂಧನವಿಲ್ಲ. ಅದು ತಗಡು ಬಡಿದು ಮಾಡಿದ ಒಂದು ಪೆಟ್ಟಿಗೆ. ದುಬಾರಿ ಬಂಡವಾಳವು ಸುಮ್ಮನೆ ನಿಲ್ಲದಂತೆ ಮಾಡಿ, ಕಾಯುವ ಕೆಲಸವನ್ನು ಅಗ್ಗದ ಬಂಡವಾಳಕ್ಕೆ ಒಪ್ಪಿಸುವುದು ಈ ಉಪಾಯದ ತಿರುಳು. ಕಾರ್ಖಾನೆಯ ಒಳಗೆ ಯಂತ್ರದ ಪಕ್ಕದಲ್ಲಿ ಟ್ರಾಲಿಗಳನ್ನು ಇಟ್ಟುಕೊಳ್ಳುವವರೆಲ್ಲರೂ ಇದೇ ತತ್ತ್ವವನ್ನು, ತಿಳಿದೋ ತಿಳಿಯದೆಯೋ, ಅನುಸರಿಸುತ್ತಿದ್ದಾರೆ.

1930ರ ದಶಕದ ಮಧ್ಯಭಾಗದಲ್ಲಿ ಡೆಂಪ್‌ಸ್ಟರ್ ಸಹೋದರರ ಸಂಸ್ಥೆಯು ಈ ವ್ಯವಸ್ಥೆಗೆ ಪೇಟೆಂಟ್ ಪಡೆದು ಮಾರುಕಟ್ಟೆಗೆ ತಂದಿತು. 1950ರ ದಶಕದಲ್ಲಿ ಅದೇ ಸಂಸ್ಥೆಯ ‘ಡಂಪ್‌ಮಾಸ್ಟರ್’ ಲಾರಿ ಬಂತು. ಮುಂಭಾಗದ ತೋಳುಗಳಿಂದ ತೊಟ್ಟಿಯನ್ನು ಎತ್ತಿ, ಚಾಲಕನ ತಲೆಯ ಮೇಲಿನಿಂದ ಹಾಯಿಸಿ, ಹಿಂದಿನ ಒಡಲಿಗೆ ಸುರಿದುಕೊಂಡು, ಖಾಲಿ ತೊಟ್ಟಿಯನ್ನು ಅದರ ಜಾಗದಲ್ಲಿಯೇ ಇಟ್ಟು ಮುಂದಿನ ಅಂಗಡಿಗೆ ಹೋಗುವ ಲಾರಿ ಅದು. ತೊಟ್ಟಿ ಊರೂರಿಗೆ ಹರಡಿತು. ಅದರೊಡನೆ ಹೆಸರೂ ಹರಡಿತು.

ಹೆಸರು ಕಟ್ಟಿದ ಬಗೆ

ಸಂಸ್ಥೆಯು ತನ್ನ ವ್ಯವಸ್ಥೆಯನ್ನು ‘ಡೆಂಪ್‌ಸ್ಟರ್-ಡಂಪ್‌ಸ್ಟರ್’ ಎಂದು ಕರೆಯಿತು. ಮನೆತನದ ಹೆಸರಿನ ಮೊದಲ ಅಕ್ಷರದ ಸ್ವರವೊಂದನ್ನು ಬದಲಿಸಿದರೆ ‘ಸುರಿ’ ಎಂಬ ಅರ್ಥದ ಪದ ತಾನಾಗಿ ಒದಗುತ್ತದೆ; ಪ್ರಾಸವೂ ಕೂಡುತ್ತದೆ. ಈ ಪದವು ವಾಣಿಜ್ಯ ಬಳಕೆಗೆ ಬಂದದ್ದು 1936ರಲ್ಲಿ. ಜಾಹೀರಾತಿನ ದೃಷ್ಟಿಯಿಂದ ಇದಕ್ಕಿಂತ ಸೊಗಸಾದ ಹೆಸರು ಸಿಗುವುದು ಕಷ್ಟ. ಕೇಳಿದವನಿಗೆ ವಸ್ತುವಿನ ಕೆಲಸವೂ ತಯಾರಕನ ಹೆಸರೂ ಒಟ್ಟಿಗೆ ನೆನಪಾಗುತ್ತವೆ.

ಇಲ್ಲೊಂದು ವಿನೋದವೂ ಉಂಟು. ‘ಡೆಂಪ್‌ಸ್ಟರ್’ ಎಂಬುದು ಹಳೆಯ ವೃತ್ತಿನಾಮ. ತೀರ್ಪು ನುಡಿಯುವವನು ಎಂದು ಅದರ ಮೂಲಾರ್ಥ. ಬ್ರಿಟನ್ನಿನ ಪಕ್ಕದ ಮ್ಯಾನ್ ದ್ವೀಪದಲ್ಲಿ ನ್ಯಾಯಾಧೀಶರನ್ನು ಇಂದಿಗೂ ‘ಡೀಮ್‌ಸ್ಟರ್’ ಎನ್ನುತ್ತಾರೆ. ಶ್ಯಾನುಭೋಗ, ಪಟೇಲ, ದೇಸಾಯಿ ಎಂಬ ಅಧಿಕಾರದ ಹೆಸರುಗಳು ನಮ್ಮಲ್ಲಿ ಮನೆತನದ ಹೆಸರುಗಳಾದಂತೆ ಅದೂ ಆಯಿತು. ನ್ಯಾಯಪೀಠದಿಂದ ಹೊರಟ ಹೆಸರು ಕಸದ ತೊಟ್ಟಿಗೆ ಬಂದು ಸೇರಿತು.

ಆದರೆ ಹೆಸರಿನ ಸೊಗಸೇ ಅದಕ್ಕೆ ಮುಳುವಾಯಿತೆನ್ನಬೇಕು. ಡೆಂಪ್‌ಸ್ಟರ್ ಅವರು ಹೊರತಂದದ್ದು ಹೊಸ ವಸ್ತು. ಹೊಸ ವಸ್ತುವಿಗೆ ಎರಡು ಹೆಸರುಗಳು ಬೇಕು: ಆ ಜಾತಿಯ ವಸ್ತುವನ್ನೆಲ್ಲ ಸೂಚಿಸುವ ಸಾಮಾನ್ಯ ನಾಮ ಒಂದು, ತಯಾರಕನನ್ನು ಸೂಚಿಸುವ ಅಂಕಿತ ನಾಮ ಇನ್ನೊಂದು. ‘ಎತ್ತಿ ಸುರಿಯುವ ತೊಟ್ಟಿ’ ಎಂಬುದಕ್ಕೆ ನಾಲಗೆಗೆ ಸುಲಭವಾದ ಬೇರೆ ಮಾತು ಅಮೆರಿಕದ ಜನರ ಬಳಿ ಇರಲಿಲ್ಲ. ಬ್ರಿಟನ್ನಿನಲ್ಲಿ ಇತ್ತು. ಬುಟ್ಟಿ ಎಂಬ ಅರ್ಥದ ‘ಸ್ಕೆಪ್’ ಎಂಬ ಹಳೆಯ ಪದದಿಂದ ಬಂದ ‘ಸ್ಕಿಪ್’ ಎಂಬ ಮಾತು ಅಲ್ಲಿನ ಗಣಿಗಳಲ್ಲಿ, ಅದಿರನ್ನು ಮೇಲೆತ್ತುವ ತೊಟ್ಟಿಗೆ ಮೊದಲೇ ಬಳಕೆಯಲ್ಲಿತ್ತು. ಆದುದರಿಂದ ಅಲ್ಲಿ ರಸ್ತೆಯ ಬದಿಯ ತೊಟ್ಟಿಯೂ ಸ್ಕಿಪ್ ಆಯಿತು. ಅದು ಯಾರ ಸ್ವತ್ತೂ ಅಲ್ಲ, ಯಾರೂ ಕಳೆದುಕೊಂಡದ್ದೂ ಇಲ್ಲ.

ಅಮೆರಿಕದಲ್ಲಿ ಆಗ ಪೇಟೆಂಟಿನ ಅವಧಿ ಮಂಜೂರಾದ ದಿನದಿಂದ 17 ವರ್ಷ. ಮೊದಲ ಪೇಟೆಂಟುಗಳ ಕಾಲ ಮುಗಿದ ಮೇಲೆ ಅಂತಹ ತೊಟ್ಟಿಯನ್ನು ಯಾರು ಬೇಕಾದರೂ ತಯಾರಿಸಬಹುದಾಗಿತ್ತು. ಹೆಸರಿನ ಮೇಲೆ ಡೆಂಪ್‌ಸ್ಟರ್ ಸಂಸ್ಥೆಗೆ ನೋಂದಾಯಿತ ಚಿಹ್ನೆಗಳಿದ್ದವು ನಿಜ. ಆದರೆ ಗಿರಾಕಿಯ ಬಾಯಲ್ಲಿ ಯಾರ ತೊಟ್ಟಿಯಾದರೂ ಡಂಪ್‌ಸ್ಟರೇ. ಆ ಚಿಹ್ನೆಗಳು ಕೆಲವು ಅವಧಿ ಮುಗಿದು, ಕೆಲವು ರದ್ದಾಗಿ, ಇಂದು ಯಾವುದೂ ಉಳಿದಿಲ್ಲ. ಬಹುಕಾಲ ಅಮೆರಿಕದ ಪತ್ರಿಕೆಗಳು ಮರ್ಯಾದೆಗಾದರೂ ಈ ಪದವನ್ನು ದೊಡ್ಡಕ್ಷರದಿಂದ ಆರಂಭಿಸಿ ಬರೆಯುತ್ತಿದ್ದವು. 2013ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯು ತನ್ನ ಬರವಣಿಗೆಯ ಕೈಪಿಡಿಯಲ್ಲಿ ಇನ್ನು ಸಣ್ಣಕ್ಷರವೇ ಸಾಕೆಂದು ತಿದ್ದಿತು. 2016ರ ಹೊತ್ತಿಗೆ ‘ಡಂಪ್‌ಸ್ಟರ್‌ಗೆ ಬಿದ್ದ ಬೆಂಕಿ’ ಎಂಬುದು, ಪೂರಾ ಹದಗೆಟ್ಟುಹೋದ ಕೆಲಸವೆಂಬ ಅರ್ಥದಲ್ಲಿ, ಅಲ್ಲಿನ ಉಪಭಾಷಾ ಸಂಘದಿಂದ ವರ್ಷದ ಪದವೆನಿಸಿಕೊಂಡಿತು. ತಮ್ಮ ಮನೆತನದ ಹೆಸರಿನ ಅರ್ಧವು ಬೈಗುಳವಾದದ್ದನ್ನು ಕೇಳಲು ಜಾರ್ಜ್ ಡೆಂಪ್‌ಸ್ಟರ್ ಬದುಕಿರಲಿಲ್ಲ.

ಬೇಡದೆ ಬಂದ ಹೆಸರು

ಇದಕ್ಕೆ ತೀರ ಬೇರೆಯಾದ ಕಥೆಯೊಂದು ಫ್ರಾನ್ಸಿನದು. ಅಲ್ಲಿ ಕಸದ ಡಬ್ಬಿಗೆ ‘ಪೂಬೆಲ್’ ಎನ್ನುತ್ತಾರೆ. ಪ್ಯಾರಿಸ್ ನಗರವಿದ್ದ ಸೇನ್ ಜಿಲ್ಲೆಯ ಆಡಳಿತಾಧಿಕಾರಿಯಾಗಿದ್ದ ಯೂಜೀನ್ ಪೂಬೆಲ್ ಎಂಬವರು 1883ರ ನವೆಂಬರ್ 24ರಂದು ಒಂದು ಆದೇಶವನ್ನು ಹೊರಡಿಸಿದರು. ಮನೆಯ ಮಾಲೀಕರು ಬಾಡಿಗೆದಾರರಿಗೆ ಮುಚ್ಚಳವಿರುವ ಕಸದ ಪೆಟ್ಟಿಗೆಗಳನ್ನು ಒದಗಿಸತಕ್ಕದ್ದು. ಕೊಳೆಯುವ ಕಸ ಬೇರೆ, ಕಾಗದ ಮತ್ತು ಚಿಂದಿ ಬೇರೆ, ಗಾಜು, ಪಿಂಗಾಣಿ, ಚಿಪ್ಪು ಬೇರೆ. ಹಸಿಕಸ-ಒಣಕಸಗಳ ವಿಂಗಡಣೆಯನ್ನು ಇತ್ತೀಚಿನ ಅನ್ವೇಷಣೆಯೆಂದು ತಿಳಿದವರು ಈ ಇಸವಿಯನ್ನು ಗಮನಿಸಬೇಕು. ಖರ್ಚು ತಮ್ಮ ತಲೆಯ ಮೇಲೆ ಬಂತೆಂದು ಮಾಲೀಕರು ಸಿಡಿಮಿಡಿಗೊಂಡರು. ಹೊಟ್ಟೆಯ ಮೇಲೆ ಹೊಡೆದಂತಾಯಿತೆಂದು ಚಿಂದಿ ಆಯುವವರು ಪ್ರತಿಭಟಿಸಿದರು. ಜನರು ಡಬ್ಬಿಗೆ ಅಧಿಕಾರಿಯ ಹೆಸರನ್ನೇ ಇಟ್ಟರು. ಪೂಬೆಲ್ ಅವರು ಹೆಸರನ್ನು ಮಾರಲಿಲ್ಲ, ನೋಂದಾಯಿಸಲಿಲ್ಲ. ಆದುದರಿಂದ ಅವರಿಗೆ ನಷ್ಟವೂ ಇಲ್ಲ. ಡೆಂಪ್‌ಸ್ಟರ್ ಅವರ ವಿಷಯ ಹಾಗಲ್ಲ. ಅವರದು ಬಂಡವಾಳ ಹೂಡಿ ಬೆಳೆಸಿದ ಹೆಸರು.

ಕನ್ನಡ ನಾಡಿಗೆ ಡೆಂಪ್‌ಸ್ಟರ್ ಅವರ ಉಪಾಯವು ಬಂದಿದೆ, ಹೆಸರು ಬಂದಿಲ್ಲ. ನಗರಪಾಲಿಕೆಗಳ ಟೆಂಡರುಗಳಲ್ಲಿ ‘ಡಂಪರ್ ಪ್ಲೇಸರ್’ ಎಂಬ ವಾಹನದ ಉಲ್ಲೇಖವನ್ನು ಕಾಣಬಹುದು. ಎರಡು ತೋಳುಗಳಿಂದ ಕಂಟೇನರನ್ನು ಬೆನ್ನ ಮೇಲೆ ಎತ್ತಿಕೊಂಡು ಹೋಗಿ ಸುರಿದು ಬರುವ ವಾಹನ ಇದು. ‘ಸುರಿಯುವುದು, ಇಡುವುದು’ ಎಂದು ಕೆಲಸವನ್ನಷ್ಟೇ ಹೇಳುವ ಹೆಸರಾದ್ದರಿಂದ ಇದು ಯಾವ ತಯಾರಕನದೂ ಅಲ್ಲ. ಜನರಂತೂ ‘ಕಸದ ತೊಟ್ಟಿ’, ‘ಕಸದ ಲಾರಿ’ ಎಂದೇ ಮುಗಿಸುತ್ತಾರೆ.

ನಮ್ಮ ಬಾಯಲ್ಲಿ ಬೆಳೆದ ಹೆಸರುಗಳು

ಆದರೆ ಬೇರೆ ಸರಕುಗಳ ವಿಷಯದಲ್ಲಿ ಕನ್ನಡಿಗರು ಅಮೆರಿಕದವರಿಗಿಂತ ಹಿಂದೆ ಬಿದ್ದಿಲ್ಲ. ಮಣ್ಣು ಅಗೆಯುವ ಯಂತ್ರ ಯಾವ ಕಾರ್ಖಾನೆಯದಾದರೂ ಹಳ್ಳಿಯಲ್ಲಿ ಅದು ‘ಜೆಸಿಬಿ’. ಅದು 1945ರಲ್ಲಿ ಇಂಗ್ಲೆಂಡಿನಲ್ಲಿ ಸಂಸ್ಥೆ ಆರಂಭಿಸಿದ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಅವರ ಹೆಸರಿನ ಮೊದಲಕ್ಷರಗಳೆಂಬುದು ಯಂತ್ರವನ್ನು ಬಾಡಿಗೆಗೆ ಕರೆಸುವವನಿಗೆ ಬೇಕಿಲ್ಲ. ನೆರಳಚ್ಚು ಎಂಬ ಒಳ್ಳೆಯ ಪದವಿದ್ದರೂ ಅಂಗಡಿಯ ಫಲಕದ ಮೇಲೆ ‘ಝೆರಾಕ್ಸ್’ ಎಂದೇ ಇರುತ್ತದೆ. ವನಸ್ಪತಿಗೆ ‘ಡಾಲ್ಡಾ’ ಎಂದು ಹೇಳಿಯೇ ಎರಡು ತಲೆಮಾರುಗಳು ಕಳೆದವು.

ಇಲ್ಲಿ ಲಿಪಿಯ ವಿಷಯವೊಂದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಇಂಗ್ಲಿಷಿನಲ್ಲಿ ದೊಡ್ಡಕ್ಷರವೆಂಬ ಕಾವಲುಗಾರನಿದ್ದಾನೆ. ಪದದ ಮೊದಲ ಅಕ್ಷರವನ್ನು ನೋಡಿದೊಡನೆ ಅದು ಅಂಕಿತ ನಾಮವೆಂದು ತಿಳಿಯುತ್ತದೆ. ಕನ್ನಡ ಲಿಪಿಯಲ್ಲಿ ಆ ಭೇದವಿಲ್ಲ. ಇಲ್ಲಿ ಬ್ರಾಂಡಿನ ಹೆಸರೂ ಬದನೆಕಾಯಿಯ ಹೆಸರೂ ಒಂದೇ ತೆರನಾಗಿ ಅಚ್ಚಾಗುತ್ತವೆ. ಆದುದರಿಂದ ಕನ್ನಡದಲ್ಲಿ ಲೇಬಲ್, ಬಿಲ್ಲು, ಜಾಹೀರಾತು ಮುದ್ರಿಸುವ ಉದ್ಯಮಿಯು ತನ್ನ ಹೆಸರನ್ನು ಕಾಪಾಡಲು ಬೇರೆ ಉಪಾಯವನ್ನೇ ಅವಲಂಬಿಸಬೇಕು: ಹೆಸರನ್ನು ವಿಶಿಷ್ಟ ಅಕ್ಷರವಿನ್ಯಾಸದಲ್ಲಿ ಅಚ್ಚು ಹಾಕಿಸುವುದು, ಉದ್ಧರಣ ಚಿಹ್ನೆಯೊಳಗೆ ಇಡುವುದು, ಎಲ್ಲಕ್ಕಿಂತ ಮಿಗಿಲಾಗಿ ಅದರ ಹಿಂದೆಯೇ ವಸ್ತುವಿನ ಸಾಮಾನ್ಯ ನಾಮವನ್ನು ಬರೆಯುವುದು. ವಿಭಕ್ತಿ ಪ್ರತ್ಯಯವನ್ನು ಬ್ರಾಂಡಿಗೆ ಅಂಟಿಸದೆ ಸಾಮಾನ್ಯ ನಾಮಕ್ಕೆ ಅಂಟಿಸುವುದು ಮೇಲು. ಇದು ವ್ಯಾಕರಣದ ಮಡಿವಂತಿಕೆಯಲ್ಲ. ತಯಾರಕನೇ ತನ್ನ ಹೆಸರಿಗೆ ‘ಗಳು’ ಹಚ್ಚಿ ಬಹುವಚನ ಮಾಡಿದರೆ, ಅದು ವಸ್ತುವಿನ ಹೆಸರೆಂದು ಅವನೇ ಬರೆದುಕೊಟ್ಟಂತಾಗುತ್ತದೆ.

ಕಾನೂನು ಏನೆನ್ನುತ್ತದೆ

ಅಮೆರಿಕದಲ್ಲಿ 1921ರ ಆಸ್ಪಿರಿನ್ ಮೊಕದ್ದಮೆ ಈ ವಿಷಯದಲ್ಲಿ ಪ್ರಸಿದ್ಧವಾದುದು. ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಅವರು, ಆ ಪದವನ್ನು ಕೊಳ್ಳುವವರು ಏನೆಂದು ಅರ್ಥಮಾಡಿಕೊಂಡಿದ್ದಾರೆ ಎಂಬ ಪ್ರಶ್ನೆಯನ್ನು ಎತ್ತಿದರು. ಸಾಮಾನ್ಯ ಗಿರಾಕಿಗೆ ಆಸ್ಪಿರಿನ್ ಎಂದರೆ ಮಾತ್ರೆಯ ಹೆಸರು. ಔಷಧ ವ್ಯಾಪಾರಿಗಳಿಗಾದರೆ ಅದರ ರಾಸಾಯನಿಕ ಹೆಸರು ಬೇರೆ ಗೊತ್ತಿತ್ತು. ಹಾಗಾಗಿ ಗಿರಾಕಿಗಳ ಮಟ್ಟದಲ್ಲಿ ಬೇಯರ್ ಸಂಸ್ಥೆಯು ಹೆಸರಿನ ಹಕ್ಕನ್ನು ಕಳೆದುಕೊಂಡಿತು. ವ್ಯಾಪಾರಿಗಳ ನಡುವೆ ಉಳಿಸಿಕೊಂಡಿತು. ಎರಡನೆಯ ಹೆಸರು ಇದ್ದಲ್ಲಿ ಹಕ್ಕು ಉಳಿಯಿತು ಎಂಬುದನ್ನು ಗಮನಿಸಬೇಕು.

ಭಾರತದ 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮವು 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ಪ್ರಚಲಿತ ಭಾಷೆಯಲ್ಲಿ ಅಥವಾ ವ್ಯಾಪಾರದ ರೂಢಿಯಲ್ಲಿ ಸಾಮಾನ್ಯವಾಗಿ ಹೋಗಿರುವ ಗುರುತುಗಳನ್ನು ನೋಂದಾಯಿಸಬಾರದೆಂದು ಅದರ 9ನೆಯ ಕಲಮು ಹೇಳುತ್ತದೆ. ನೋಂದಣಿಯಾದ ಮೇಲೆ ಹೆಸರು ಸಾಮಾನ್ಯವಾದರೆ ಗತಿಯೇನು ಎಂಬುದು 36ನೆಯ ಕಲಮಿನಲ್ಲಿದೆ. ನೋಂದಣಿಯ ನಂತರ ಆ ಪದವು ವಸ್ತುವಿನ ಹೆಸರಾಗಿ ಬಳಕೆಯಾಯಿತೆಂಬ ಒಂದೇ ಕಾರಣಕ್ಕೆ ನೋಂದಣಿಯು ಅಸಿಂಧುವಾಗದು. ಇದು ಮಾಲೀಕನಿಗೆ ಸಮಾಧಾನದ ಮಾತು. ಆದರೆ ಎರಡು ಅಪವಾದಗಳುಂಟು. ಆ ಸರಕಿನ ವ್ಯಾಪಾರ ಮಾಡುವವರೇ, ಮಾಲೀಕನಿಗೆ ಸಂಬಂಧವಿಲ್ಲದ ಸರಕಿಗೂ, ಆ ಪದವನ್ನು ವಸ್ತುವಿನ ಹೆಸರಾಗಿ ಬಳಸುವುದು ಸುಪ್ರಸಿದ್ಧವಾಗಿ ನೆಲೆಗೊಂಡಿದ್ದರೆ ಅದು ಒಂದು. ವಸ್ತುವು ಹಿಂದೆ ಪೇಟೆಂಟಿನ ಅಡಿಯಲ್ಲಿ ತಯಾರಾಗುತ್ತಿದ್ದು, ಪೇಟೆಂಟ್ ಮುಗಿದು ಎರಡು ವರ್ಷಗಳಾದ ಬಳಿಕ, ಅದಕ್ಕೆ ಬಳಸಬಹುದಾದ ಹೆಸರು ಆ ಪದವಲ್ಲದೆ ಬೇರೆ ಇಲ್ಲವೆಂದಾದರೆ ಅದು ಇನ್ನೊಂದು. ಇವುಗಳಲ್ಲಿ ಯಾವುದು ರುಜುವಾತಾದರೂ ಚಿಹ್ನೆಯು ರಿಜಿಸ್ಟರಿನಿಂದ ಹೊರಬೀಳಬಹುದು. ಎರಡನೆಯ ಅಪವಾದವನ್ನು ಓದಿದವರಿಗೆ ಡೆಂಪ್‌ಸ್ಟರ್ ಅವರ ತೊಟ್ಟಿಯೇ ಕಣ್ಣಮುಂದೆ ಬಂದರೆ ಆಶ್ಚರ್ಯವಿಲ್ಲ.

ಮೊದಲನೆಯ ಅಪವಾದವು ಸಣ್ಣ ತಯಾರಕರಿಗೆ ಹೆಚ್ಚು ಮುಖ್ಯ. ಗಿರಾಕಿಯು ಅಂಗಡಿಗೆ ಬಂದು ಬ್ರಾಂಡಿನ ಹೆಸರನ್ನೇ ವಸ್ತುವಿನ ಹೆಸರೆಂದು ಹೇಳಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಪ್ರತಿಸ್ಪರ್ಧಿ ತಯಾರಕರೂ ಸಗಟು ವ್ಯಾಪಾರಿಗಳೂ ದರಪಟ್ಟಿಯಲ್ಲಿ, ಬಿಲ್ಲಿನಲ್ಲಿ, ಟೆಂಡರಿನಲ್ಲಿ ಅದನ್ನೇ ಬರೆಯತೊಡಗಿ, ಮಾಲೀಕನು ವರ್ಷಗಟ್ಟಲೆ ಸುಮ್ಮನಿದ್ದರೆ ಆಗ ತೊಂದರೆ. ಆದುದರಿಂದ ನೆರೆಯ ಕಾರ್ಖಾನೆಯವರು ಒಂದು ಸಲ ಹೆಸರನ್ನು ಬಳಸಿಕೊಂಡಾಗ ‘ಹೋಗಲಿ, ನಮಗೇ ಪ್ರಚಾರವಲ್ಲವೇ’ ಎಂದು ಬಿಟ್ಟುಬಿಡುವ ಔದಾರ್ಯ ದುಬಾರಿಯಾದುದು. ಒಂದು ರಿಜಿಸ್ಟರ್ಡ್ ಪತ್ರವನ್ನು ಬರೆದು ಅದರ ಪ್ರತಿಯನ್ನು ಕಡತದಲ್ಲಿಟ್ಟರೆ, ಸುಮ್ಮನಿರಲಿಲ್ಲವೆಂಬುದಕ್ಕೆ ಅದು ಸಾಕ್ಷಿಯಾಗುತ್ತದೆ. ಝೆರಾಕ್ಸ್ ಸಂಸ್ಥೆಯು ತನ್ನ ಹೆಸರನ್ನು ಕ್ರಿಯಾಪದವಾಗಿ ಬಳಸಬೇಡಿರೆಂದು ಜಾಹೀರಾತು ಕೊಟ್ಟು ಬೇಡಿಕೊಂಡದ್ದು ಈ ಕಾರಣಕ್ಕಾಗಿಯೇ.

ಅಢಾವೆ ಪತ್ರಿಕೆಯಲ್ಲಿ ಕಾಣದ ಆಸ್ತಿ

ಹೆಸರು ಸವೆಯುತ್ತಿದ್ದರೂ ಮಾಲೀಕನ ಗಮನಕ್ಕೆ ಬಾರದಿರುವುದಕ್ಕೆ ಲೆಕ್ಕಪತ್ರದ ಪದ್ಧತಿಯೂ ಒಂದು ಕಾರಣ. ಯಂತ್ರಕ್ಕೆ ಪ್ರತಿ ವರ್ಷ ಸವಕಳಿ ಬರೆಯುತ್ತಾರೆ, ದಾಸ್ತಾನನ್ನು ಎಣಿಸುತ್ತಾರೆ, ವಸೂಲಾಗದ ಸಾಲಕ್ಕೆ ಅವಕಾಶ ಕಲ್ಪಿಸುತ್ತಾರೆ. ತಾನೇ ಬೆಳೆಸಿದ ಬ್ರಾಂಡನ್ನು ಮಾತ್ರ ಆಸ್ತಿಯೆಂದು ತೋರಿಸುವಂತಿಲ್ಲ. ಲೆಕ್ಕಪತ್ರ ಮಾನದಂಡ 26 ಇದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಜಾಹೀರಾತಿನ ಖರ್ಚು ಆಯಾ ವರ್ಷದ ಲಾಭ-ನಷ್ಟ ಖಾತೆಗೆ ಹೋಗಿ ಅಲ್ಲಿಗೇ ಮುಗಿಯುತ್ತದೆ. ಮಾನದಂಡದ ಉದ್ದೇಶ ಸರಿಯಾದುದೇ. ಪ್ರತಿಯೊಬ್ಬರೂ ತಮ್ಮ ಹೆಸರಿಗೆ ಮನಬಂದ ಬೆಲೆ ಕಟ್ಟಿ ಪುಸ್ತಕಕ್ಕೆ ಏರಿಸತೊಡಗಿದರೆ ಬ್ಯಾಂಕುಗಳು ಯಾವ ಅಢಾವೆ ಪತ್ರಿಕೆಯನ್ನೂ ನಂಬುವಂತಿರುವುದಿಲ್ಲ. ಆದರೆ ಪುಸ್ತಕದಲ್ಲಿ ಇಲ್ಲದ ಆಸ್ತಿ ಕಳೆದುಹೋದಾಗ ಪುಸ್ತಕದಲ್ಲಿ ನಷ್ಟವೂ ಕಾಣುವುದಿಲ್ಲ.

ಅದೇ ಬ್ರಾಂಡನ್ನು ಇನ್ನೊಬ್ಬರು ಹಣ ಕೊಟ್ಟು ಕೊಂಡರೆ, ಕೊಂಡವರ ಪುಸ್ತಕದಲ್ಲಿ ಅದು ಆಸ್ತಿಯಾಗಿ ಕಾಣಿಸಿಕೊಳ್ಳುತ್ತದೆ. 1937ರಿಂದ ಮಾರುಕಟ್ಟೆಯಲ್ಲಿದ್ದ ಡಾಲ್ಡಾ ಹೆಸರನ್ನು ಹಿಂದೂಸ್ಥಾನ್ ಲಿವರ್ ಸಂಸ್ಥೆಯು 2003ರಲ್ಲಿ ಬಂಜ್ ಎಂಬ ಸಂಸ್ಥೆಗೆ ಮಾರಿತು. ಜನರ ಬಾಯಲ್ಲಿ ವಸ್ತುವಿನ ಹೆಸರೇ ಆಗಿಹೋಗಿದ್ದರೂ ಕಾನೂನಿನ ಕಣ್ಣಿನಲ್ಲಿ ಅದು ಮಾಲೀಕನ ಹೆಸರಾಗಿಯೇ ಉಳಿದಿತ್ತು. ವನಸ್ಪತಿ ಎಂಬ ಸಾಮಾನ್ಯ ನಾಮವು ಡಬ್ಬಿಯ ಮೇಲೆ ಬೇರೆಯಾಗಿಯೇ ಇತ್ತು. ಹಾಗಾಗಿ ಮಾರಲು ಏನಾದರೂ ಇತ್ತು.

ಎಲ್ಲವನ್ನೂ ವಕೀಲರಿಗೆ ಬಿಡಬೇಕಾಗಿಲ್ಲ. ಕೆಲವು ಕೆಲಸಗಳು ಬಿಲ್ಲು ಬರೆಯುವ ಮೇಜಿನ ಮೇಲೆಯೇ ಆಗತಕ್ಕವು. ಜಿಎಸ್‌ಟಿ ನಿಯಮಗಳಂತೆ ತೆರಿಗೆ ಬಿಲ್ಲಿನಲ್ಲಿ ಸರಕಿನ ವಿವರಣೆ ಇರಬೇಕು. ಅನೇಕ ಕಡೆ ಆ ಅಂಕಣದಲ್ಲಿ ಬ್ರಾಂಡಿನ ಹೆಸರೊಂದನ್ನೇ ಬರೆದು ಮುಗಿಸುವ ರೂಢಿ ಬಿದ್ದಿದೆ. ಅಲ್ಲಿ ವಸ್ತುವಿನ ಸಾಮಾನ್ಯ ನಾಮವನ್ನೂ ಅದಕ್ಕೆ ಮೊದಲು ಬ್ರಾಂಡನ್ನೂ ಬರೆದರೆ ತೆರಿಗೆಯ ಅಧಿಕಾರಿಗೂ ಅನುಕೂಲ, ಚಿಹ್ನೆಗೂ ರಕ್ಷಣೆ. ಹೊಸ ಬಗೆಯ ವಸ್ತುವನ್ನು ತಯಾರಿಸುವವರು ಮೊದಲ ಕ್ಯಾಟಲಾಗ್ ಅಚ್ಚಾಗುವ ಮುನ್ನವೇ ಅದಕ್ಕೊಂದು ಸಾಮಾನ್ಯ ನಾಮವನ್ನು, ಸ್ಪರ್ಧಿಗಳೂ ಬಳಸಬಹುದಾದಷ್ಟು ಸುಲಭವಾದುದನ್ನು, ತಾವೇ ಹುಡುಕಿಕೊಡುವುದು ಒಳ್ಳೆಯದು. ಸ್ಪರ್ಧಿಗಳಿಗೆ ಪದವೊಂದನ್ನು ದಾನ ಮಾಡುವುದು ವಿಚಿತ್ರವಾಗಿ ತೋರಬಹುದು. ಆ ದಾನವನ್ನು ಮಾಡದಿದ್ದರೆ ಅವರು ತಯಾರಕನ ಹೆಸರನ್ನೇ ತೆಗೆದುಕೊಳ್ಳುತ್ತಾರೆ.

ನೋಂದಣಿಯ ಖರ್ಚು ಹೆದರುವಷ್ಟೇನೂ ಇಲ್ಲ. 2017ರ ನಿಯಮಗಳಲ್ಲಿ ಗೊತ್ತುಪಡಿಸಿದಂತೆ, ವ್ಯಕ್ತಿಗಳೂ ಸಣ್ಣ ಉದ್ದಿಮೆಗಳೂ ಗಣಕಯಂತ್ರದ ಮೂಲಕ ಅರ್ಜಿ ಸಲ್ಲಿಸಿದರೆ ಒಂದು ವರ್ಗಕ್ಕೆ 4,500 ರೂಪಾಯಿ. ಇತರರಿಗೆ 9,000 ರೂಪಾಯಿ. ನೋಂದಣಿಯ ಅವಧಿ ಹತ್ತು ವರ್ಷ. ಆ ಬಳಿಕ ಹತ್ತು ಹತ್ತು ವರ್ಷಗಳಿಗೆ ನವೀಕರಿಸುತ್ತ ಹೋಗಬಹುದು. ಅವಧಿ ಮುಗಿದ ಮೇಲೂ ಆರು ತಿಂಗಳೊಳಗೆ ಹೆಚ್ಚುವರಿ ಶುಲ್ಕ ತೆತ್ತು ನವೀಕರಿಸಲು ಅವಕಾಶವಿದೆ. ಕಾರ್ಖಾನೆಯ ವಿಮೆ, ವಾಹನಗಳ ಎಫ್‌ಸಿ, ಬಾಯ್ಲರ್ ತಪಾಸಣೆ ಇವುಗಳ ದಿನಾಂಕಗಳನ್ನು ಬರೆದಿಡುವ ಪುಸ್ತಕದಲ್ಲಿಯೇ ಈ ದಿನಾಂಕವನ್ನೂ ಬರೆದಿಟ್ಟರೆ ಸಾಕು.